ಫೇಲಾದ ಬೋರುಗಳ ಹಾಜರಿ

ನಮ್ಮೂರ ಪಂಪ್‌ಹೌಸಿನ ಬಾಗಿಲ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಂಕಿಗಳಿದ್ದವು. ಒಂದರ ಕೆಳಗೊಂದು. 6, 6, 6½, 7, 6, 7½, 9. ಪಕ್ಕದಲ್ಲಿ ತಾರೀಖಿಲ್ಲ. ಶಿವರಾತ್ರಿ, ಯುಗಾದಿ, ಗೌರಿ, ದೀಪಾವಳಿ ಅಂತ ಹಬ್ಬಗಳು, ಅದೂ ಬರೀ ಮೊದಲಕ್ಷರ. ಮದುವೆಯಾಗಿ ಈ ಊರಿಗೆ ಬಂದು ಹತ್ತು ವರ್ಷದ ಮೇಲಾಗಿತ್ತು. ಒಂದಿನ ನಲ್ಲಿಯಲ್ಲಿ ನೀರು ಬರಲಿಲ್ಲ ಅಂತ ಜಗಳ ಆಡಲು ಹೋದವಳು ಈ ಗೋಡೆ ನೋಡಿದೆ. ಜಗಳ ಮರೆತೇ ಹೋಯಿತು.

"ಏನ್ ತಾತ ಇದು?"

"ಟ್ಯಾಂಕು ತುಂಬಕ್ಕೆ ಎಷ್ಟು ಗಂಟೆ ಹಿಡೀತು ಅಂತ ಕಣಮ್ಮ. ರಾತ್ರಿ ವಾಲ್ವು ಮುಚ್ಚಿ ಮೋಟ್ರು ಹಾಕ್ತೀನಲ್ಲ, ಅವಾಗ ನೋಡ್ಕೊಂತೀನಿ."

ತಾತ ನಮ್ಮೂರ ನೀರಗಂಟಿ. ಪಂಚಾಯಿತಿ ಲೆಕ್ಕದಲ್ಲಿ ವಾಟರ್‌ಮ್ಯಾನ್. ಅವರಪ್ಪ ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ಪಾಲು ಮಾಡುತ್ತಿದ್ದವರು. ಇವರು ಸ್ಟಾರ್ಟರ್ ಗುಂಡಿ ಒತ್ತುವವರು. ಕೆರೆ ಹೋಗಿ ಬೋರು ಬಂದರೂ ಹೆಸರು ಮಾತ್ರ ಹಾಗೇ ಉಳಿದುಕೊಂಡಿದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಅಲ್ಲೇ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಟ್ಯಾಂಕು 25,000 ಲೀಟರಿನದು. ಆರು ಗಂಟೆಯಲ್ಲಿ ತುಂಬಿದರೆ ಬೋರು ಗಂಟೆಗೆ ನಾಲ್ಕು ಸಾವಿರ ಲೀಟರಿಗಿಂತ ಸ್ವಲ್ಪ ಜಾಸ್ತಿ ಕೊಡುತ್ತಿದೆ. ಒಂಬತ್ತು ಗಂಟೆ ಹಿಡಿದರೆ ಮೂರು ಸಾವಿರವೂ ಇಲ್ಲ. ಅಂದರೆ ಇಳುವರಿಯಲ್ಲಿ ಮೂರನೇ ಒಂದು ಭಾಗ ಹೋಗಿದೆ. ಇದು ಊರಲ್ಲಿ ಯಾರಿಗೂ ಗೊತ್ತಿಲ್ಲ, ತಾತನಿಗೆ ಬಿಟ್ಟು. ಅವರಿಗೆ ಇನ್ನೊಂದು ಗುರುತೂ ಇತ್ತು. ಸ್ಟಾರ್ಟರ್ ಡಬ್ಬಿಯ ಮೇಲಿನ ಆಂಪಿಯರ್ ಮುಳ್ಳು. ಮೋಟರು ನೀರು ಬಿಟ್ಟು ಗಾಳಿ ಎಳೆಯಲು ಶುರು ಮಾಡಿದ ಕೂಡಲೇ ಲೋಡು ಇಳಿಯುತ್ತದೆ, ಮುಳ್ಳು ಕೆಳಗೆ ಬೀಳುತ್ತದೆ. "ಮುಳ್ಳು ಬಿದ್ರೆ ಬೋರು ಸುಸ್ತಾಗೈತೆ ಅಂತ. ಅರ್ಧ ಗಂಟೆ ಬಿಟ್ರೆ ಮತ್ತೆ ಊರ್ಕೊಂತದೆ." ಈ ವಿಷಯಕ್ಕೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದಿಡೀ ಅಧ್ಯಾಯ ಇದೆ.

ಮುಂದಿನ ವರ್ಷ ಯಾರೋ ದೊಡ್ಡ ಸಾಹೇಬರು ಊರಿಗೆ ಬರುತ್ತಾರೆ ಅಂತ ಗೊತ್ತಾಯಿತು. ಮೂರು ದಿನದಲ್ಲಿ ಪಂಪ್‌ಹೌಸಿಗೆ ಒಳಗೂ ಹೊರಗೂ ಸುಣ್ಣ ಬಳಿದರು. ಹೊರಗೆ ನೀಲಿ ಬಣ್ಣದಲ್ಲಿ ‘ನೀರೇ ಜೀವ, ಮಿತವಾಗಿ ಬಳಸಿ’ ಅಂತ ಬರೆಸಿದರು. ಒಳಗಿನ ಏಳೆಂಟು ವರ್ಷದ ಲೆಕ್ಕ ಸುಣ್ಣದಡಿ ಸೇರಿತು. ತಾತ ಬೇಜಾರೇನೂ ಮಾಡಿಕೊಳ್ಳಲಿಲ್ಲ. ನನಗೆ ಮಾತ್ರ ಆ ಗೋಡೆಯ ಒಂದು ಫೋಟೋ ತೆಗೆದುಕೊಳ್ಳಲಿಲ್ಲವಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಮ್ಮದು ಕೋಲಾರ ಜಿಲ್ಲೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆಗಳಿದ್ದವು, ಬಾವಿಗಳಿದ್ದವು. ನಮ್ಮ ಮಾವನವರು ಹುಡುಗನಾಗಿದ್ದಾಗ ಕಪಿಲೆ ಹೊಡೆದವರು. ಎತ್ತು ಇಳಿಜಾರಿನಲ್ಲಿ ಹೋದರೆ ಬಾನಿ ಮೇಲೆ ಬರುತ್ತಿತ್ತು. ಆ ಬಾವಿಯ ಆಳ ನಲವತ್ತೋ ಐವತ್ತೋ ಅಡಿ. ಆಮೇಲೆ ಬಾವಿಯೊಳಗೇ ಬೋರು ಇಳಿಸಿದರು. ಆಮೇಲೆ ಬಾವಿಯೇ ಬೇಡವಾಗಿ ಬರೀ ಬೋರು. ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. 1998ರಲ್ಲಿ ಒಂದು, 280 ಅಡಿ. 2005ರಲ್ಲಿ ಎರಡನೆಯದು, 620. 2013ರಲ್ಲಿ ಮೂರನೆಯದು, 1,050. 2016ರಲ್ಲಿ ನಾಲ್ಕನೆಯದು, 1,300 ಅಡಿ, ಬರೀ ಧೂಳು.

ನಾಲ್ಕನೆಯದನ್ನು ಕೊರೆಸಿದ ರಾತ್ರಿ ನಾನೂ ಹೊಲದಲ್ಲಿದ್ದೆ. ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಓಡಾಡಿ, ಅದು ಎದ್ದು ನಿಂತ ಜಾಗಕ್ಕೆ ಕಲ್ಲು ಇಟ್ಟಿದ್ದರು. ಕೊರೆಯಲು ಬಂದಿದ್ದು ತಮಿಳುನಾಡಿನ ತಿರುಚೆಂಗೋಡು ಕಡೆಯ ಗಾಡಿ. ಹುಡುಗರು ರಾಡು ಎಣಿಸುತ್ತಾ ಇಳಿಸುತ್ತಿದ್ದರು. ಬೆಳದಿಂಗಳಲ್ಲಿ ಬಿಳೀ ಕಲ್ಲಿನ ಧೂಳು ಮೋಡದ ಥರ ಎದ್ದು ಟೊಮೆಟೊ ಗಿಡಗಳ ಮೇಲೆ ಕೂರುತ್ತಿತ್ತು. ಧೂಳು ನಿಂತು ಕೆಸರು ಚಿಮ್ಮಿದರೆ ನೀರು ಬಂತು ಅಂತ. ಸಾವಿರ ಅಡಿ ದಾಟಿದ ಮೇಲೆ ಪ್ರತಿ ನೂರು ಅಡಿಗೆ ನಮ್ಮ ಮನೆಯವರು ಒಮ್ಮೆ ಮಾವನವರ ಮುಖ ನೋಡುತ್ತಿದ್ದರು, ಮಾವನವರು "ಇನ್ನೊಂದು ನೂರು" ಅನ್ನುತ್ತಿದ್ದರು. ಬೆಳಗಿನ ಜಾವ ಮೂರಕ್ಕೆ ಗಾಡಿ ನಿಲ್ಲಿಸಿದರು. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಎರಡು ದಿನ ಇತ್ತು, ಸಾಲ ಐದು ವರ್ಷ.

ಇಲ್ಲಿ ಒಂದು ಸಣ್ಣ ವಿಷಯ. "ನಮ್ಮ ಕಡೆ ನೀರು ಒಂಬೈನೂರು ಅಡಿಗೆ ಹೋಗೈತೆ" ಅಂತ ಎಲ್ಲರೂ ಹೇಳುತ್ತೇವೆ. ಪೇಪರಿನಲ್ಲೂ ಹಾಗೇ ಬರುತ್ತದೆ. ಆದರೆ ಅದು ನೀರಿನ ಮಟ್ಟ ಅಲ್ಲ, ಡ್ರಿಲ್ಲಿನ ಆಳ. ನಮ್ಮ ಮೂರನೇ ಬೋರಿನಲ್ಲಿ ಗ್ಯಾಪ್, ಅಂದರೆ ನೀರಿರುವ ಬಂಡೆಯ ಸೀಳು, ಸಿಕ್ಕಿದ್ದು 940 ಅಡಿಯಲ್ಲಿ. ಮಾರನೆಯ ದಿನ ನೋಡಿದರೆ ಕೊಳವೆಯೊಳಗೆ ನೀರು 400 ಅಡಿಯವರೆಗೆ ಮೇಲೆ ಬಂದು ನಿಂತಿತ್ತು. ಬಂಡೆಯ ಸೀಳಿನೊಳಗಿನ ನೀರು ಒತ್ತಡದಲ್ಲಿರುತ್ತದೆ, ದಾರಿ ಸಿಕ್ಕರೆ ಏರುತ್ತದೆ. ಗ್ಯಾಪ್ ಸಿಕ್ಕ ಆಳ ಒಂದು, ನೀರು ನಿಂತ ಮಟ್ಟ ಇನ್ನೊಂದು, ಮೋಟರು ಓಡುತ್ತಿರುವಾಗ ಇಳಿಯುವ ಮಟ್ಟ ಮತ್ತೊಂದು, ಮೋಟರು ಬಿಟ್ಟಿರುವ ಆಳ ನಾಲ್ಕನೆಯದು. ಊರಲ್ಲಿ ನಾಲ್ಕಕ್ಕೂ "ನೀರು ಎಷ್ಟಡಿ ಐತೆ" ಅನ್ನುವ ಒಂದೇ ಪ್ರಶ್ನೆ. ಉತ್ತರ ಕೊಡುವವರು ತಮಗೆ ಯಾವುದು ನೆನಪಿದೆಯೋ ಅದನ್ನು ಹೇಳುತ್ತಾರೆ. ಇದನ್ನೆಲ್ಲ ಬರೆದುಕೊಂಡು ಹೋಗಿ ಸರಾಸರಿ ತೆಗೆದರೆ ಏನು ಬರುತ್ತದೆ ಅಂತ ನೀವೇ ಯೋಚಿಸಿ.

ನಮ್ಮ ಕಾಲಡಿ ಇರುವುದು ಗಟ್ಟಿ ಕಲ್ಲು, ಕೋಟ್ಯಂತರ ವರ್ಷ ಹಳೆಯ ನೈಸ್ ಮತ್ತು ಗ್ರಾನೈಟ್. ಮೇಲೆ ಒಂದಿಷ್ಟು ಮಣ್ಣು, ಅದರಡಿ ಕೊಳೆತು ಪುಡಿಯಾದ ಕಲ್ಲು. ಹಳೆಯ ಬಾವಿಗಳೆಲ್ಲ ನೀರು ಕುಡಿದದ್ದು ಈ ಪುಡಿಕಲ್ಲಿನಿಂದ. ಅದು ಸ್ಪಂಜಿನ ಹಾಗೆ. ಅದರ ಕೆಳಗಿನ ಬಂಡೆಯಲ್ಲಿ ನೀರು ನಿಲ್ಲಲು ಜಾಗವೇ ಇಲ್ಲ, ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕುಗಳೂ ಕಮ್ಮಿ. ಒಂದು ಬಿರುಕು ಯಾವ ಕಡೆ ಹೋಗುತ್ತದೆ, ಯಾವುದಕ್ಕೆ ಕೂಡುತ್ತದೆ ಅಂತ ಮೇಲೆ ನಿಂತವರಿಗೆ ಗೊತ್ತಾಗುವುದಿಲ್ಲ. ನಮ್ಮ ಹೊಲದಲ್ಲಿ ಎರಡಿಂಚು ನೀರು, ಬದುವಿನ ಆಚೆ ಧೂಳು. ಗಂಗಾ ಬಯಲಿನ ಮರಳಿನಲ್ಲಿ ಒಂದು ಬಾವಿ ಅಳೆದರೆ ಸುತ್ತಲಿನ ಹತ್ತಾರು ಹಳ್ಳಿಯ ಸ್ಥಿತಿ ಅಂದಾಜು ಸಿಗಬಹುದು. ಇಲ್ಲಿ ಒಂದು ಬೋರು ಅಳೆದರೆ ಆ ಬೋರಿನ ಸ್ಥಿತಿ ಗೊತ್ತಾಗುತ್ತದೆ, ಅಷ್ಟೆ.

ಹಾಗಾದರೆ ಎಷ್ಟು ಕಡೆ ಅಳೆಯುತ್ತಿದ್ದಾರೆ? ಕೇಂದ್ರ ಅಂತರ್ಜಲ ಮಂಡಳಿ ದೇಶದಾದ್ಯಂತ ಸುಮಾರು 25 ಸಾವಿರ ವೀಕ್ಷಣಾ ಬಾವಿಗಳನ್ನು ನೋಡಿಕೊಳ್ಳುತ್ತದೆ. ವರ್ಷಕ್ಕೆ ನಾಲ್ಕು ಸಲ ಅಳತೆ: ಜನವರಿ, ಮುಂಗಾರಿಗೆ ಮುಂಚೆ ಒಮ್ಮೆ, ಆಗಸ್ಟ್, ನವೆಂಬರ್. ದೇಶದ ವಿಸ್ತೀರ್ಣಕ್ಕೆ ಭಾಗಿಸಿದರೆ ಸರಿಸುಮಾರು 130 ಚದರ ಕಿಲೋಮೀಟರಿಗೆ ಒಂದು ಬಾವಿ. ರಾಜ್ಯದ ಅಂತರ್ಜಲ ನಿರ್ದೇಶನಾಲಯದ ಬಾವಿಗಳು ಬೇರೆ ಇವೆ, ಕೆಲವು ಕಡೆ ತಾನಾಗೇ ಅಳೆದು ಕಳಿಸುವ ಯಂತ್ರಗಳೂ ಬಂದಿವೆ. ಆದರೂ ಒಂದು ಹೋಲಿಕೆ ನೋಡಿ. ಮಳೆ ಅಳೆಯಲು ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಂದು ಯಂತ್ರ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ 15 ನಿಮಿಷಕ್ಕೊಮ್ಮೆ ಅಂಕಿ ಹೋಗುತ್ತದೆ. ಮೇಲಿಂದ ಬೀಳುವ ನೀರಿಗೆ ಇಷ್ಟು ಚೊಕ್ಕ ಲೆಕ್ಕ. ಕೆಳಗಿನಿಂದ ಎತ್ತುವ ನೀರಿಗೆ? ಪಂಪ್‌ಸೆಟ್ಟಿಗೆ ಮೀಟರಿಲ್ಲ. 10 ಎಚ್‌ಪಿವರೆಗೆ ಕರೆಂಟು ಉಚಿತ. ಎಷ್ಟು ಎತ್ತಿದೆವು ಅನ್ನುವುದು ಬೋರುಗಳ ಸಂಖ್ಯೆ, ಒಂದೊಂದು ಎಷ್ಟು ಎತ್ತಬಹುದು ಅನ್ನುವುದರ ಮೇಲೆ ಹಾಕಿದ ಅಂದಾಜು. ಕೋಲಾರದ ತಾಲ್ಲೂಕುಗಳೆಲ್ಲ ಅತಿಬಳಕೆಯ ಪಟ್ಟಿಯಲ್ಲಿವೆ, ಅಂದರೆ ವರ್ಷಕ್ಕೆ ಎತ್ತಬಹುದಾದ್ದಕ್ಕಿಂತ ಎತ್ತುವುದೇ ಜಾಸ್ತಿ. ಈ ಮಾತು ನಿಜ ಅಂತ ಹೇಳಲು ಪಟ್ಟಿಯೇನೂ ಬೇಕಿಲ್ಲ, ನಮ್ಮ ಹೊಲಕ್ಕೆ ಬನ್ನಿ ಸಾಕು. ಆದರೆ ಯಾವ ಊರಿನಲ್ಲಿ, ಯಾವ ಕೆರೆಯ ಕೆಳಗೆ, ಎಷ್ಟು ಅಂತ ಕೇಳಿದರೆ ಪಟ್ಟಿಯಲ್ಲಿ ಉತ್ತರ ಇಲ್ಲ. ಪಟ್ಟಿ ತಾಲ್ಲೂಕಿನದು, ಬಾಯಾರಿಕೆ ಊರಿನದು.

ಇದಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು ಬೇರೆ ಒಂದು ವಿಷಯ.

ದಕ್ಷಿಣ ಭಾರತದಲ್ಲಿ ಅಂತರ್ಜಲ ಚೇತರಿಸಿಕೊಳ್ಳುತ್ತಿದೆ ಅಂತ ಕೆಲವು ವರ್ಷಗಳ ಹಿಂದೆ ಸುದ್ದಿಗಳು ಬಂದವು. ಬಾವಿಗಳ ಅಳತೆಯಲ್ಲಿ ಮಟ್ಟ ಏರಿದೆ, ಉಪಗ್ರಹದ ಅಂಕಿಗಳೂ ಹಾಗೇ ಹೇಳುತ್ತಿವೆ ಅಂತ. ನಾವು ಇಲ್ಲಿ ಬೋರು ಮೇಲೆ ಬೋರು ಕೊರೆಸಿ ಧೂಳು ನೋಡುತ್ತಿದ್ದ ಕಾಲ ಅದು. ಯಾರಿಗೆ ಸುಳ್ಳು ಹೇಳುತ್ತಿದ್ದಾರೆ ಅಂತ ಸಿಟ್ಟು ಬಂದಿತ್ತು. 2019ರಲ್ಲಿ ಟಿ. ಹೋರಾ, ವೀಣಾ ಶ್ರೀನಿವಾಸನ್, ನಂದಿತಾ ಬಸು ಎಂಬ ಸಂಶೋಧಕರು ಈ ಗಂಟನ್ನು ಬಿಚ್ಚಿದರು. ಯಾರೂ ಸುಳ್ಳು ಹೇಳಿರಲಿಲ್ಲ. ವೀಕ್ಷಣಾ ಬಾವಿ ಒಣಗಿದರೆ ಅದರಲ್ಲಿ ಅಳೆಯಲು ನೀರಿಲ್ಲ. ಆ ಸಾಲು ಖಾಲಿ ಬೀಳುತ್ತದೆ. ವಿಶ್ಲೇಷಣೆ ಮಾಡುವವರು ಅಂಕಿ ಪೂರ್ತಿ ಇಲ್ಲದ ಬಾವಿಗಳನ್ನು ಪಕ್ಕಕ್ಕಿಟ್ಟು, ಪೂರ್ತಿ ಇರುವವುಗಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಉಳಿದವು ಯಾವುವು? ನೀರಿರುವ ಬಾವಿಗಳು.

ನನ್ನ ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಹಾಕಿ ತೋರಿಸಿದೆ. ಐದು ಬಾವಿ. ನೀರು 10, 12, 15, 30, 33 ಮೀಟರ್ ಆಳದಲ್ಲಿ. ಸರಾಸರಿ 20. ಮುಂದಿನ ವರ್ಷ ಎಲ್ಲ ಕಡೆಯೂ ನೀರು ಎರಡೆರಡು ಮೀಟರ್ ಇಳಿಯಿತು, ಆಳದ ಎರಡು ಬಾವಿ ತಳ ಕಂಡು ಪೂರ್ತಿ ಒಣಗಿದವು. ಉಳಿದದ್ದು 12, 14, 17. ಸರಾಸರಿ 14 ಚಿಲ್ಲರೆ. "ಮಿಸ್, ನೀರು ಆರು ಮೀಟ್ರು ಮೇಲ್ ಬಂತಲ್ಲ!" ಅಂತ ಹಿಂದಿನ ಬೆಂಚಿನವನೊಬ್ಬ ಕೂಗಿದ. ಹೌದು, ಬಂತು. ಫೇಲಾದ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದರೆ ನಮ್ಮ ಸ್ಕೂಲಿಗೂ ನೂರಕ್ಕೆ ನೂರು ರಿಸಲ್ಟು ಬರುತ್ತದೆ. ನಮ್ಮ ಕಡೆ ಬೋರು ಒಣಗಿದರೂ ‘ಫೇಲಾಯ್ತು’ ಅಂತಲೇ ಹೇಳುವುದು. ಮಕ್ಕಳಿಗೆ ತಕ್ಷಣ ಅರ್ಥವಾಯಿತು.

ಆವತ್ತಿಂದ ನನಗೆ ಊರಿನ ಬೋರುಗಳ ಲೆಕ್ಕ ಹಿಡಿಯುವ ಹುಚ್ಚು ಹತ್ತಿತು. ನೀರಿರುವವಷ್ಟೇ ಅಲ್ಲ, ಫೇಲಾದವೂ ಬೇಕು.

ಮೊದಲು ಅಳೆಯುವ ಸಾಧನ. ಅಂಗಡಿಯಲ್ಲಿ ಸಿಗುವ ಸೌಂಡರ್ ಟೇಪು ನಮ್ಮ ಕೈಗೆಟುಕುವ ಬೆಲೆಯದ್ದಲ್ಲ. ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಅಂತ ಮಕ್ಕಳ ಕೈಲಿ ಮಾಡಿಸಿದೆ. ಎರಡು ಎಳೆಯ ವೈರು, ತುದಿ ಸುಲಿದು ಭಾರಕ್ಕೆ ಒಂದು ಬೋಲ್ಟು. ತುದಿಗಳು ನೀರು ಮುಟ್ಟಿದರೆ ಸರ್ಕ್ಯೂಟ್ ಪೂರ್ತಿಯಾಗಿ ಬಝರ್ ಕೂಗಬೇಕು. ಬಕೆಟ್ಟಿನಲ್ಲಿ ಅದ್ದಿದರೆ ಬಝರ್ ಉಸಿರೇ ಎತ್ತಲಿಲ್ಲ. ನೀರಿನ ರೋಧ ಜಾಸ್ತಿ, ಹರಿಯುವ ಕರೆಂಟು ಬಝರಿಗೆ ಸಾಲದು. ಬಿ.ಸಿ. 547 ಅನ್ನುವ ಒಂದು ಟ್ರಾನ್ಸಿಸ್ಟರ್ ಸೇರಿಸಿದ ಮೇಲೆ ಕೂಗಿತು. ಮೀಟರಿಗೊಂದು ಕಪ್ಪು ಟೇಪು, ಹತ್ತು ಮೀಟರಿಗೊಂದು ಕೆಂಪು ಟೇಪು ಸುತ್ತಿದೆವು. ಇದಕ್ಕೇ ಎರಡು ಭಾನುವಾರ ಹೋಯಿತು.

ಮೊದಲ ಅಳತೆ ನಮ್ಮ ಮೂರನೇ ಬೋರಿನಲ್ಲೇ. ಮೋಟರು ನಿಲ್ಲಿಸಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಕ್ಯಾಪ್ ಬಿಚ್ಚಿದೆವು. ಅರುವತ್ತು ಮೀಟರ್ ಇಳಿದಿತ್ತು, ಬಝರ್ ಕೂಗಿತು. ಖುಷಿಯಲ್ಲಿ ಬರೆದುಕೊಂಡೆ. ಎರಡನೇ ಸಲ ಇಳಿಸಿದರೆ ಐವತ್ತಕ್ಕೇ ಕೂಗಿತು. ಮೂರನೇ ಸಲ ಎಪ್ಪತ್ತೆರಡು. ಕೊಳವೆಯ ಗೋಡೆಯಲ್ಲಿ ಜಿನುಗಿ ಇಳಿಯುತ್ತಿದ್ದ ಹನಿಗಳಿಗೇ ಅದು ಕೂಗುತ್ತಿತ್ತು. ಬೋಲ್ಟಿನ ಸುತ್ತ ಪ್ಲಾಸ್ಟಿಕ್ ಕೊಳವೆಯ ತುಂಡು ಕಟ್ಟಿದ ಮೇಲೆ ಆ ಕಾಟ ತಪ್ಪಿತು. ಆದರೆ ಇನ್ನೊಂದು ಕಾದಿತ್ತು. ವೈರು ಮೋಟರಿನ ಕೇಬಲ್ಲಿಗೆ ಸುತ್ತಿಕೊಂಡಿತು. ಎಳೆದೆವು, ಬಿಟ್ಟೆವು, ಮತ್ತೆ ಎಳೆದೆವು. ಕೊನೆಗೆ ಕತ್ತರಿಸಬೇಕಾಯಿತು. ಐವತ್ತು ಮೀಟರ್ ವೈರು ಇವತ್ತಿಗೂ ನಮ್ಮ ಬೋರಿನೊಳಗಿದೆ. ಮಾವನವರು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇದಕ್ಕೆ ಉಪಾಯ ಹೇಳಿದ್ದು ಮೋಟರು ಎತ್ತುವ ಹುಡುಗರು. ರಿಪೇರಿಗೆ ಅಂತ ಮೋಟರು ಎತ್ತಿದಾಗ, ಮತ್ತೆ ಇಳಿಸುವ ಪೈಪಿನ ಜೊತೆ ಮುಕ್ಕಾಲು ಇಂಚಿನ ಪಿವಿಸಿ ಪೈಪನ್ನೂ ಕಟ್ಟಿ ಇಳಿಸಿದರೆ ಸಾಕು. ವೈರು ಅದರೊಳಗೆ ಸಲೀಸಾಗಿ ಹೋಗಿಬರುತ್ತದೆ, ಹನಿಯ ಕಾಟವೂ ಇಲ್ಲ. ಹೊಸ ಬೋರಿಗೆ ಮೋಟರು ಬಿಡುವಾಗ ಎಲ್ಲರೂ ಇದೊಂದನ್ನು ಮಾಡಿಬಿಟ್ಟರೆ ಎಷ್ಟು ಚೆನ್ನ ಅಂತ ಆಗಾಗ ಅನ್ನಿಸುತ್ತದೆ. ಲಕ್ಷಗಟ್ಟಲೆ ಸುರಿಯುವ ಕಡೆ ಇದು ಯಾವ ಲೆಕ್ಕ. ಬೋರು ಕೊರೆಸಲು ನಮ್ಮಂಥ ತಾಲ್ಲೂಕುಗಳಲ್ಲಿ ಅನುಮತಿ ಬೇಕು ಅಂತ 2011ರ ಕಾಯಿದೆ ಇದೆ. ಅನುಮತಿ ಪತ್ರದಲ್ಲಿ ಈ ಪೈಪಿನದ್ದೂ ಒಂದು ಸಾಲು ಹಾಕಬಹುದು.

ಆದರೆ ನಿಜವಾದ ಕಥೆ ಇರುವುದು ನಮ್ಮ ಎರಡನೇ ಬೋರಿನಲ್ಲಿ, 620 ಅಡಿಯದು. ಕೆರೆಯ ಕೆಳಗಿನ ಹೊಲದಲ್ಲಿದೆ. 2012ರಲ್ಲೇ ಫೇಲಾಗಿ, ಮೋಟರು ಎತ್ತಿ, ಬಾಯಿಗೆ ಕಲ್ಲು ಮುಚ್ಚಿ ಮರೆತಿದ್ದೆವು. ಒಳಗೆ ಕೇಬಲ್ಲಿಲ್ಲ, ಪೈಪಿಲ್ಲ. ಯಾರೂ ನೀರು ಎತ್ತುವುದಿಲ್ಲ, ಹಾಗಾಗಿ ಮಟ್ಟ ಸುಳ್ಳು ಹೇಳುವುದಿಲ್ಲ. ವೀಕ್ಷಣೆಗೆ ಇದಕ್ಕಿಂತ ಒಳ್ಳೆಯ ಬಾವಿ ಯಾವುದು? ಕಲ್ಲು ತೆಗೆಸಿ, ವೆಲ್ಡಿಂಗ್‌ನವರ ಹತ್ತಿರ ಕಬ್ಬಿಣದ ಮುಚ್ಚಳ ಮಾಡಿಸಿ ಬೀಗ ಹಾಕಿಸಿದೆ. ಬಾಯಿ ತೆರೆದ ಬೋರಿನಲ್ಲಿ ಮಗು ಬಿದ್ದ ಸುದ್ದಿಗಳು ಎಷ್ಟು ಬಂದಿಲ್ಲ, ಹಾಗಾಗಿ ಬೀಗ ಮೊದಲು, ಅಳತೆ ಆಮೇಲೆ. ನಾವು ಮೊದಲ ಸಲ ವೈರು ಇಳಿಸಿದಾಗ ತಳದವರೆಗೂ ಏನೂ ಇರಲಿಲ್ಲ. ಪುಸ್ತಕದಲ್ಲಿ ‘ಇಲ್ಲ’ ಅಂತ ಬರೆದೆ. ಮುಂದಿನ ತಿಂಗಳೂ ‘ಇಲ್ಲ’. ಹೀಗೇ ‘ಇಲ್ಲ’ ಬರೆದು ಬರೆದು ಮಕ್ಕಳಿಗೆ ಬೇಜಾರು ಬಂತು.

2021ರ ನವೆಂಬರ್ ನೆನಪಿದೆಯಲ್ಲ? ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕಂಡು ಕೇಳರಿಯದ ಮಳೆ. ಎಷ್ಟೋ ವರ್ಷದಿಂದ ತುಂಬದ ಕೆರೆಗಳು ಕೋಡಿ ಹೋದವು. ನಮ್ಮೂರ ಕೆರೆಯೂ ಹೋಯಿತು. ಊರಿಗೆ ಊರೇ ಹೋಗಿ ಗಂಗಮ್ಮನಿಗೆ ಪೂಜೆ ಮಾಡಿ ಬಾಗಿನ ಬಿಟ್ಟೆವು. ಡಿಸೆಂಬರಿನಲ್ಲಿ ಫೇಲಾದ ಬೋರಿಗೆ ವೈರು ಇಳಿಸಿದರೆ 150ನೇ ಮೀಟರಿಗೆ ಬಝರ್ ಕೂಗಿತು. ವೈರು ಹಿಡಿದಿದ್ದ ಹುಡುಗ ನಂಬಲಿಲ್ಲ, ಎಳೆದು ಮತ್ತೆ ಬಿಟ್ಟ. ಮತ್ತೆ ಅಲ್ಲೇ ಕೂಗಿತು. ಬೋಲ್ಟು ಮೇಲೆ ಬಂದಾಗ ಒದ್ದೆಯಾಗಿತ್ತು. ತಾತ ಅದನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಇಲ್ಲೊಂದು ತೊಡಕು. ಈ ನೀರು ಮಳೆಯದೋ, ಬೆಂಗಳೂರಿನದೋ? ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರ ಜೂನ್‌ನಿಂದ ಬೆಂಗಳೂರಿನ ಕೊಳಚೆ ನೀರು ಎರಡನೇ ಹಂತದವರೆಗೆ ಶುದ್ಧವಾಗಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅಂತ ಯೋಜನೆ. ಶುರುವಾದ ಸ್ವಲ್ಪ ದಿನಕ್ಕೇ ಕೆರೆಯಲ್ಲಿ ನೊರೆ ಎದ್ದು, ಹೈಕೋರ್ಟ್ ತಡೆ ಕೊಟ್ಟು, ಆಮೇಲೆ ಮತ್ತೆ ಹರಿದದ್ದು ಎಲ್ಲರಿಗೂ ಗೊತ್ತು. ನಮ್ಮೂರ ಕೆರೆಗೆ ಅದು ನೇರವಾಗಿ ಬಂದಿಲ್ಲ, ಮೇಲಿನ ಕೆರೆಗೆ ಬಂದಿದೆ. ಅದರ ವಿಷಯದಲ್ಲಿ ಊರಲ್ಲಿ ಎರಡು ಪಂಗಡ. "ಬೋರಿಗೆ ನೀರು ಬಂತು, ಬಾಯ್ಮುಚ್ಕೊಂಡಿರಿ" ಅನ್ನುವವರು ಒಂದು ಕಡೆ. "ಅದು ಕಕ್ಕಸ್ಸಿನ ನೀರು" ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಕಡೆಯವರ ಮೇಲೆ ಸಮನಾಗಿ ಸಿಟ್ಟಿದೆ, ಯಾಕೆಂದರೆ ಎರಡೂ ಕಡೆಯವರ ಕೈಯಲ್ಲಿ ಅಂಕಿ ಇಲ್ಲ. ನೀರಿನ ಮಟ್ಟ ಏರಿದ್ದು ಗೊತ್ತಾಗಲು ವೈರು ಸಾಕು. ಆ ನೀರು ಎಂಥದ್ದು ಅಂತ ತಿಳಿಯಲು ಅದನ್ನು ಎತ್ತಿ ಪರೀಕ್ಷೆ ಮಾಡಬೇಕು: ಲವಣ, ನೈಟ್ರೇಟ್, ಭಾರ ಲೋಹಗಳು. ನಮ್ಮ ಜಿಲ್ಲೆಯ ಆಳದ ಬೋರುಗಳಲ್ಲಿ ಫ್ಲೋರೈಡ್ ಕಾಟ ಮುಂಚಿನಿಂದಲೂ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಯೋಜನೆ ಶುರುವಾಗುವ ಮುಂಚಿನ ಅಂಕಿ ಊರೂರಿಗೆ ಬರೆದಿಟ್ಟಿದ್ದರೆ ಇವತ್ತು ಜಗಳವೇ ಇರುತ್ತಿರಲಿಲ್ಲ, ಪುಸ್ತಕ ತೆಗೆದು ತೋರಿಸಿದರೆ ಮುಗಿಯುತ್ತಿತ್ತು. ಮುಂಚೆ ಅಳೆಯದೇ ಇದ್ದದ್ದನ್ನು ಈಗ ಎಷ್ಟು ದುಡ್ಡು ಕೊಟ್ಟರೂ ಅಳೆಯಲಾಗುವುದಿಲ್ಲ.

ಇದೆಲ್ಲ ಸರ್ಕಾರಕ್ಕೂ ಗೊತ್ತಿಲ್ಲ ಅಂತಲ್ಲ. 2019ರ ಡಿಸೆಂಬರಿನಲ್ಲಿ ಅಟಲ್ ಭೂಜಲ ಯೋಜನೆ ಬಂತು. ಕರ್ನಾಟಕವೂ ಸೇರಿ ಏಳು ರಾಜ್ಯ, ಪಂಚಾಯಿತಿ ಮಟ್ಟದಲ್ಲಿ ನೀರಿನ ಆಯವ್ಯಯ ಅಂತ. ಯೋಚನೆ ಚೆನ್ನಾಗಿದೆ. 2022ರಲ್ಲಿ ಜಲದೂತ್ ಅಂತ ಒಂದು ಆ್ಯಪ್ ಬಂತು. ಪ್ರತಿ ಹಳ್ಳಿಯಲ್ಲಿ ಎರಡು ಮೂರು ತೆರೆದ ಬಾವಿ ಆರಿಸಿ, ಮುಂಗಾರಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆದು ಫೋಟೋ ಹಾಕಬೇಕು. ತೆರೆದ ಬಾವಿ! ನಮ್ಮೂರಲ್ಲಿ ಉಳಿದಿರುವ ಒಂದೇ ಒಂದು ತೆರೆದ ಬಾವಿಯಲ್ಲಿ ಹಳೇ ಚಪ್ಪಲಿ, ಗಣೇಶನ ವಿಗ್ರಹದ ಕಬ್ಬಿಣ, ಮದುವೆ ಮನೆಯ ಪ್ಲಾಸ್ಟಿಕ್ ಲೋಟಗಳಿವೆ. ಮಲೆನಾಡಿಗೆ, ಕರಾವಳಿಗೆ ಒಪ್ಪುವ ಅಳತೆ ನಮಗೆ ಒಪ್ಪಬೇಕೆಂದಿಲ್ಲ ಅಲ್ವಾ?

ನನ್ನ ಮಟ್ಟಿಗೆ ದಾರಿ ತೋರಿಸಿದ್ದು ಗಡಿ ಆಚೆಯ ಒಂದು ಹಳೇ ಕೆಲಸ. ನಮ್ಮ ದೊಡ್ಡಮ್ಮನ ಊರು ಚಿತ್ತೂರು ಜಿಲ್ಲೆಯಲ್ಲಿ. ಅಲ್ಲಿ ಒಂದು ಗೋಡೆಯ ಮೇಲೆ ತೆಲುಗಿನಲ್ಲಿ ಮಳೆ ಎಷ್ಟು, ಬಾವಿಯಲ್ಲಿ ನೀರೆಷ್ಟು, ಯಾವ ಬೆಳೆಗೆ ಎಷ್ಟು ನೀರು ಅಂತ ಪಟ್ಟಿ ಬರೆದಿದ್ದು ನೋಡಿದ್ದೆ. ಆಗ ಏನೂ ಅನ್ನಿಸಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. 2003ರಿಂದ ಸುಮಾರು ಏಳು ವರ್ಷ ಆಗಿನ ಆಂಧ್ರದ ಬರಪೀಡಿತ ಏಳು ಜಿಲ್ಲೆಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜೊತೆಗೂಡಿ, ಆರುನೂರಕ್ಕೂ ಜಾಸ್ತಿ ಹಳ್ಳಿಗಳ ರೈತರೇ ತಮ್ಮ ಬಾವಿ ಬೋರುಗಳನ್ನು ಹದಿನೈದು ದಿನಕ್ಕೊಮ್ಮೆ ಅಳೆಯುತ್ತಿದ್ದರು. ಡ್ರಮ್ಮು ಇಟ್ಟು ಗಡಿಯಾರ ಹಿಡಿದು ಪಂಪಿನ ನೀರು ಅಳೆಯುತ್ತಿದ್ದರು, ನಮ್ಮ ತಾತ ಟ್ಯಾಂಕಿಗೆ ಮಾಡಿದ ಹಾಗೇ. ಹಿಂಗಾರು ಬಿತ್ತನೆಗೆ ಮುಂಚೆ ಎಲ್ಲರೂ ಕೂತು, ನೆಲದಲ್ಲಿ ಇಷ್ಟಿದೆ, ನಾವು ಅಂದುಕೊಂಡಿರುವ ಬೆಳೆಗಳಿಗೆ ಇಷ್ಟು ಬೇಕು ಅಂತ ಲೆಕ್ಕ ಕೂಡಿಸುತ್ತಿದ್ದರು. ಭತ್ತ ಹಾಕಬೇಡ ಅಂತ ಯಾರೂ ಯಾರಿಗೂ ಹೇಳಲಿಲ್ಲ. ಲೆಕ್ಕ ನೋಡಿ ಎಷ್ಟೋ ಜನ ತಾವಾಗೇ ಭತ್ತ ಕಮ್ಮಿ ಮಾಡಿದರು. ಭತ್ತ ಹಾಕಿ ಅರ್ಧಕ್ಕೆ ಒಣಗಿಸಿಕೊಳ್ಳಲು ಯಾರಿಗೆ ಇಷ್ಟ?

ಇದನ್ನೇ ನಮ್ಮ ಅರಳಿಕಟ್ಟೆಯಲ್ಲಿ ಹೇಳಿ ನೋಡಿದೆ. ಭಾವನವರು ಎಲ್ಲರ ಮುಂದೆ ಕೇಳಿದರು, "ಏನಮ್ಮಾ, ನಮ್ಮ ಬೋರಲ್ಲಿ ಎಷ್ಟೈತೆ ಅಂತ ಬರ್ಕೊಂಡು ಹೋಗಿ, ನಾಳೆ ಮೀಟ್ರು ಹಾಕ್ಸಕ್ಕಾ?" ನಾನು ಇಲ್ಲ ಅಂದೆ. ಆದರೆ ಅವರ ಭಯ ಸುಳ್ಳಲ್ಲ. ಬೋರಿನ ಲೆಕ್ಕ ಅಂದರೆ ನಮ್ಮಲ್ಲಿ ಬ್ಯಾಂಕಿನ ಲೆಕ್ಕ ಇದ್ದ ಹಾಗೆ. ನೀರು ಜಾಸ್ತಿ ಇದೆ ಅಂದರೆ ಪಕ್ಕದವನು ಬದುವಿನ ಹತ್ತಿರವೇ ಕೊರೆಸುತ್ತಾನೆ. ಕಮ್ಮಿ ಇದೆ ಅಂದರೆ ಗುತ್ತಿಗೆಗೆ ಯಾರೂ ಹೊಲ ಹಿಡಿಯುವುದಿಲ್ಲ, ಹೆಣ್ಣು ಕೊಡುವವರೂ ಒಂದು ಸಲ ಯೋಚನೆ ಮಾಡುತ್ತಾರೆ. ನಗಬೇಡಿ, ನಮ್ಮ ನಾದಿನಿಯ ಮಾತುಕತೆಯಲ್ಲಿ ಗಂಡಿನ ಕಡೆಯವರ ಹೊಲಕ್ಕೆ ಹೋಗಿ ಮೋಟರು ಹಾಕಿಸಿ ನೋಡಿಕೊಂಡು ಬಂದಿದ್ದು ನಾವೇ.

ಆಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಓಡುತ್ತಿರುವ ಬೋರುಗಳ ವಿಷಯ ಅವರವರಿಗೆ ಬಿಟ್ಟಿದ್ದು. ಫೇಲಾದ ಬೋರುಗಳನ್ನು ಮಾತ್ರ ಅಳೆಯುವುದು. ಫೇಲಾದ ಬೋರಿನ ಗುಟ್ಟು ಯಾರಿಗೆ ಬೇಕು? ಊರಿನ ಸುತ್ತ ಎಣಿಸಿದರೆ ನಲವತ್ತೊಂದು ಇದ್ದವು. ಮಣ್ಣು, ಕಲ್ಲು ತುಂಬಿ ಹಾಳಾದವು ಬಿಟ್ಟು ಹದಿನಾಲ್ಕು ಸಿಕ್ಕವು. ಹದಿನಾಲ್ಕಕ್ಕೂ ಮುಚ್ಚಳ, ಬೀಗ. ಬೀಗದ ಕೈ ಪಂಪ್‌ಹೌಸಿನ ಮೊಳೆಗೆ. ಆ ಹದಿನಾಲ್ಕರಲ್ಲಿ ಕೆರೆಯ ಕೆಳಗಿನ ಐದರಲ್ಲಿ ಮಾತ್ರ ಈಗ ನೀರು ಕಾಣಿಸುತ್ತದೆ. ಬೆಟ್ಟದ ಕಡೆಯ ಒಂಬತ್ತರಲ್ಲಿ 2021ರ ಮಳೆಗೂ ಏನೂ ಬರಲಿಲ್ಲ. ಬೆಟ್ಟದ ಕಡೆ ಹೊಸ ಬೋರು ಹಾಕಿಸಬೇಕು ಅಂದುಕೊಂಡಿದ್ದ ಇಬ್ಬರು ಪುಸ್ತಕ ನೋಡಿಕೊಂಡು ಹೋದರು. ಒಬ್ಬರು ಸುಮ್ನಾದರು. ಇನ್ನೊಬ್ಬರು ತೆಂಗಿನಕಾಯಿಯವರನ್ನೇ ಕರೆಸಿದರು.

ತಾತ ಹೋದ ವರ್ಷ ಕೆಲಸ ಬಿಟ್ಟರು, ಮಂಡಿ ನೋವು. ಈಗ ಅವರ ಮೊಮ್ಮಗನೇ ನೀರಗಂಟಿ, ನನ್ನ ಹಳೇ ವಿದ್ಯಾರ್ಥಿ. ಅವತ್ತು "ಮಿಸ್, ನೀರು ಮೇಲ್ ಬಂತಲ್ಲ" ಅಂತ ಕೂಗಿದವನು. ಪುಸ್ತಕ ಯಾರೂ ಓದಲ್ಲ ಮಿಸ್ ಅಂತ ಹೇಳಿ, ಪಂಪ್‌ಹೌಸಿನ ಒಳಗೋಡೆಯ ಮೇಲೆ ಚೌಕ ಎಳೆದು ಪಟ್ಟಿ ಮಾಡಿದ್ದಾನೆ. ಹದಿನಾಲ್ಕು ಬೋರು, ಹನ್ನೆರಡು ತಿಂಗಳು. ಕೆಳಗೆ ಟ್ಯಾಂಕು ತುಂಬುವ ಗಂಟೆಗೆ ಬೇರೆ ಸಾಲು, ಅಲ್ಲಿ ಮಾತ್ರ ತಾತ ಹೇಳಿದ ಹಾಗೆ ಹಬ್ಬದ ಹೆಸರು. ಮೊನ್ನೆ ಭಾನುವಾರ ಹೋದಾಗ ಒಂಬತ್ತು ಚೌಕಗಳಲ್ಲೂ ‘ಇಲ್ಲ’, ‘ಇಲ್ಲ’ ಅಂತ ಬರೆಯುತ್ತಿದ್ದ. ಮತ್ತೆ ಯಾರಾದರೂ ಸಾಹೇಬರು ಬಂದು ಸುಣ್ಣ ಬಳಿಸಿದರೆ ಏನೋ ಮಾಡ್ತೀಯ ಅಂದೆ.

"ಬಳೀಲಿ ಬಿಡಿ ಮಿಸ್," ಅಂದ, ಬ್ರಷ್ಷು ಒರೆಸಿಕೊಳ್ಳುತ್ತಾ. "ಆಯಿಲ್ ಪೇಂಟು. ಸುಣ್ಣ ನಿಲ್ಲಲ್ಲ."